ಅಧಿಕಾರಕ್ಕೊಂದು ಮೂಗುದಾರ

ಅಮೆರಿಕದ ಯಾವುದೋ ಒಂದು ದೊಡ್ಡ ಊರಿನ ಫೆಡರಲ್ ನ್ಯಾಯಾಲಯ. ಬೆಳಗಿನ ಹೊತ್ತಿಗೇ ಸಭಾಂಗಣ ತುಂಬಿದೆ. ರೇಷ್ಮೆ ಸೀರೆ ಉಟ್ಟವರಿದ್ದಾರೆ, ಕೋಟು ತೊಟ್ಟವರಿದ್ದಾರೆ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದವರೂ ಇದ್ದಾರೆ. ಒಳಗೆ ಬರುವಾಗಲೇ ಕಾಯಂ ವಾಸದ ಗ್ರೀನ್ ಕಾರ್ಡ್ ಒಪ್ಪಿಸಿ ಬಂದಿದ್ದಾರೆ. ಎಷ್ಟೋ ವರ್ಷ ಕಾದು ಪಡೆದು, ಕಣ್ಣಿನಲ್ಲಿ ಕಣ್ಣಿಟ್ಟು ಕಾಪಾಡಿಕೊಂಡಿದ್ದ ಕಾರ್ಡು ಅದು. ಅಧಿಕಾರಿ ಒಂದೊಂದೇ ದೇಶದ ಹೆಸರು ಕೂಗುತ್ತಾರೆ. ಮೆಕ್ಸಿಕೊ, ಫಿಲಿಪ್ಪೀನ್ಸ್, ವಿಯೆಟ್ನಾಂ, ಇಂಡಿಯಾ. ಆಯಾ ದೇಶದವರು ಎದ್ದು ನಿಲ್ಲುತ್ತಾರೆ. ಎಲ್ಲರೂ ಬಲಗೈ ಎತ್ತಿ ಪ್ರಮಾಣವಚನ ಹೇಳುತ್ತಾರೆ. ಹೇಳಿ ಮುಗಿಸಿದಾಗ ಅವರು ಅಮೆರಿಕದ ಪ್ರಜೆಗಳು. ಭಾರತದಿಂದ ಬಂದವರಾದರೆ, ನಮ್ಮ ಕಾನೂನಿನಂತೆ, ಅದೇ ಗಳಿಗೆಗೆ ಭಾರತದ ಪೌರತ್ವ ಹೋಗಿರುತ್ತದೆ.

ಆ ಪ್ರಮಾಣದಲ್ಲಿ ಅವರು ನಿಷ್ಠೆ ಒಪ್ಪಿಸುವುದು ಸಂವಿಧಾನಕ್ಕೆ ಮತ್ತು ದೇಶದ ಕಾನೂನಿಗೆ. ಅಧ್ಯಕ್ಷರ ಹೆಸರು ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

ಇಲ್ಲಿಗೆ ಬರುವ ಮೊದಲು ಅವರೊಂದು ಪರೀಕ್ಷೆ ಕಟ್ಟಿರುತ್ತಾರೆ. ಅಧಿಕಾರಿಯ ಎದುರು ಕುಳಿತು ಬಾಯಲ್ಲೇ ಉತ್ತರಿಸಬೇಕಾದ ಪರೀಕ್ಷೆ. ಬಹಳ ಕಾಲ 100 ಪ್ರಶ್ನೆಗಳ ಪಟ್ಟಿಯಿಂದ 10 ಕೇಳುತ್ತಿದ್ದರು, 6 ಸರಿಯಾದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿದೆ. 20 ಪ್ರಶ್ನೆ, 12 ಸರಿ ಉತ್ತರ ಬೇಕು. ಕಾನೂನು ಮಾಡುವವರು ಯಾರು, ನ್ಯಾಯಾಲಯದ ಕೆಲಸವೇನು, ರಾಜ್ಯಗಳ ಪಾಲಿನ ಅಧಿಕಾರ ಯಾವುದು ಎಂಬಂಥ ಪ್ರಶ್ನೆಗಳು.

ಈ ಪ್ರಶ್ನೆಗಳು ಈಗ ನಮ್ಮ ಊರುಗಳಿಗೂ ಬಂದಿವೆ. ಮಗ ಡಲ್ಲಾಸ್‌ನಲ್ಲಿ, ಸೊಸೆ ಬಸುರಿ, ಇಬ್ಬರದೂ ಇನ್ನೂ ಎಚ್-1ಬಿ ಕೆಲಸದ ವೀಸಾ ಎಂಬ ಮನೆಗಳು ಬೆಂಗಳೂರಿನಲ್ಲಿ ಮಾತ್ರವಲ್ಲ, ಹಾಸನ, ಧಾರವಾಡ, ಕುಂದಾಪುರಗಳಲ್ಲೂ ಇವೆ. ವಾಷಿಂಗ್ಟನ್‌ನಲ್ಲಿ ಒಂದು ಆದೇಶಕ್ಕೆ ಸಹಿ ಬಿದ್ದರೆ ಇಲ್ಲಿಯ ಅಪ್ಪ ಅಮ್ಮಂದಿರಿಗೆ ರಾತ್ರಿ ನಿದ್ದೆಯಿಲ್ಲ. "ಅಧ್ಯಕ್ಷರೇ ಹೇಳಿಬಿಟ್ಟರಂತಲ್ಲ, ಇನ್ನೇನು ಮಾಡುವುದು?" ಎನ್ನುತ್ತಾರೆ. ಅಧ್ಯಕ್ಷರು ಹೇಳಿದ್ದೆಲ್ಲ ಅಲ್ಲಿ ಕಾನೂನಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ತಿಳಿದರೆ ಅರ್ಧ ಆತಂಕ ಇಳಿಯುತ್ತದೆ. ಉಳಿದ ಅರ್ಧ ಯಾವುದಕ್ಕೆ ಪಡಬೇಕು ಎಂಬುದೂ ಗೊತ್ತಾಗುತ್ತದೆ.

ದೊರೆಯ ಭಯ, ದೊಂಬಿಯ ಭಯ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾ ನಗರದ ಒಂದು ಕಟ್ಟಡದಲ್ಲಿ 55 ಮಂದಿ ಪ್ರತಿನಿಧಿಗಳು ಸೇರಿದರು. ಒಳಗಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟಪ್ಪಣೆಯಿತ್ತು. ಬ್ರಿಟನ್ನಿನ ದೊರೆಯ ವಿರುದ್ಧ ಯುದ್ಧ ಗೆದ್ದು ಇನ್ನೂ ಕೆಲವೇ ವರ್ಷ. ಮತ್ತೊಬ್ಬ ದೊರೆ ಹುಟ್ಟಿಕೊಂಡಾನು ಎಂಬ ಭಯ ಎಲ್ಲರಲ್ಲೂ ಇತ್ತು. ಆದರೆ ಅವರು ಮೊದಲು ಕಟ್ಟಿಕೊಂಡಿದ್ದ ಕೇಂದ್ರ ಸರ್ಕಾರ ಎಷ್ಟು ದುರ್ಬಲವಾಗಿತ್ತೆಂದರೆ, ಅದಕ್ಕೆ ತೆರಿಗೆ ಹಾಕುವ ಅಧಿಕಾರವೂ ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಲ್ಲಿ ಮುಳುಗಿದ ರೈತರು ಬಂದೂಕು ಹಿಡಿದು ನ್ಯಾಯಾಲಯಗಳನ್ನೇ ಮುಚ್ಚಿಸಿದ್ದರು.

ಅಧಿಕಾರ ಇರಲೇಬೇಕು, ಆದರೆ ಅದು ಒಬ್ಬರ ಕೈಯಲ್ಲಿ ಇರಬಾರದು. ಈ ಇಕ್ಕಟ್ಟಿನಿಂದ ಹುಟ್ಟಿದ ಬರಹವೇ ಅಮೆರಿಕದ ಸಂವಿಧಾನ. ಸೆಪ್ಟೆಂಬರ್ 17ರಂದು 39 ಮಂದಿ ಸಹಿ ಹಾಕಿದರು. ಚರ್ಮದ ನಾಲ್ಕೇ ಹಾಳೆಗಳು, ಏಳೇ ವಿಧಿಗಳು. 395 ವಿಧಿಗಳೊಂದಿಗೆ ಜಾರಿಗೆ ಬಂದ ನಮ್ಮ ಸಂವಿಧಾನದ ಮುಂದೆ ಅದೊಂದು ಕಿರುಹೊತ್ತಗೆ. ಹೇಳದೆ ಬಿಟ್ಟದ್ದು ಬಹಳ ಇರುವುದರಿಂದಲೇ ಅಲ್ಲಿ ನ್ಯಾಯಾಲಯಗಳಿಗೆ ಅಷ್ಟು ಕೆಲಸ.

ಅದೇ ಹಾಳೆಗಳಲ್ಲಿ ದೊಡ್ಡದೊಂದು ಕಳಂಕವೂ ಇತ್ತು. ಗುಲಾಮಗಿರಿಯನ್ನು ಅವರು ಹಾಗೆಯೇ ಉಳಿಸಿಕೊಂಡರು. ರಾಜ್ಯಗಳ ಪ್ರಾತಿನಿಧ್ಯ ಎಣಿಸುವಾಗ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದು ಲೆಕ್ಕ ಹಿಡಿದರು. ಗುಲಾಮರಿಗೆ ಮತವಿಲ್ಲ, ಅವರ ಲೆಕ್ಕದಲ್ಲಿ ಒಡೆಯರಿಗೆ ಹೆಚ್ಚು ಸ್ಥಾನ. ಇದನ್ನು ಮರೆತು ಅಮೆರಿಕದ ಹಕ್ಕುಗಳ ಕಥೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ.

ಮೂವರು, ಮೂರು ಕಡೆ

ಅಧಿಕಾರವನ್ನು ಆ ಸಂವಿಧಾನ ಮೂರು ಕಡೆ ಹಂಚಿತು. ಮೊದಲನೆಯದು ಕಾಂಗ್ರೆಸ್, ಅಂದರೆ ಅಲ್ಲಿಯ ಸಂಸತ್ತು. ಅದರಲ್ಲಿ ಎರಡು ಸದನ. ಪ್ರತಿನಿಧಿಗಳ ಸಭೆಯಲ್ಲಿ 435 ಸದಸ್ಯರು, ಅವಧಿ ಎರಡೇ ವರ್ಷ. ಸೆನೆಟ್‌ನಲ್ಲಿ 100 ಸದಸ್ಯರು, ಅವಧಿ ಆರು ವರ್ಷ. ಪ್ರತಿನಿಧಿಗಳ ಸಭೆಯ ಸ್ಥಾನಗಳು ಜನಸಂಖ್ಯೆಯಂತೆ ಹಂಚಿಕೆಯಾಗುತ್ತವೆ. ಸೆನೆಟ್‌ನಲ್ಲಿ ಮಾತ್ರ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ತಲಾ ಎರಡು. ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಎರಡು, ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೂ ಎರಡು. ಸಣ್ಣ ರಾಜ್ಯಗಳನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳಲು ಅಂದು ಮಾಡಿಕೊಂಡ ರಾಜಿ ಇದು. ಇಂದಿನ ಲೆಕ್ಕದಲ್ಲಿ ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಬದಲಾಗುವ ಲಕ್ಷಣವೂ ಇಲ್ಲ.

ಎರಡನೆಯದು ಅಧ್ಯಕ್ಷರು. ನಮ್ಮಲ್ಲಿ ಪ್ರಧಾನಿ ಲೋಕಸಭೆಯ ಬಹುಮತದ ಮೇಲೆ ನಿಂತಿರುತ್ತಾರೆ, ಮಂತ್ರಿಗಳು ಸಂಸತ್ತಿನ ಸದಸ್ಯರೇ ಆಗಿರಬೇಕು. ಅಲ್ಲಿ ಇದಕ್ಕೆ ತೀರಾ ವಿರುದ್ಧ. ಕಾಂಗ್ರೆಸ್ ಸದಸ್ಯರೊಬ್ಬರು ಮಂತ್ರಿಯಾಗಬೇಕಾದರೆ ಸದಸ್ಯತ್ವಕ್ಕೆ ರಾಜೀನಾಮೆ ಕೊಡಬೇಕು. ಅಧ್ಯಕ್ಷರು ಕಾಂಗ್ರೆಸನ್ನು ವಿಸರ್ಜಿಸಲಾರರು; ಕಾಂಗ್ರೆಸ್ ಅವಿಶ್ವಾಸ ನಿರ್ಣಯದಿಂದ ಅಧ್ಯಕ್ಷರನ್ನು ಇಳಿಸಲಾರದು. ಒಬ್ಬರನ್ನೊಬ್ಬರು ಸಹಿಸಿಕೊಂಡು ಅವಧಿ ಮುಗಿಸಬೇಕು.

ಮಸೂದೆ ಎರಡೂ ಸದನಗಳಲ್ಲಿ ಪಾಸಾಗಿ ಅಧ್ಯಕ್ಷರ ಮೇಜಿಗೆ ಬರುತ್ತದೆ. ಅವರು ಒಪ್ಪದಿದ್ದರೆ ತಿರಸ್ಕರಿಸಬಹುದು. ಆಗ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಅಧ್ಯಕ್ಷರ ಸಹಿಯಿಲ್ಲದೆಯೇ ಅದು ಕಾನೂನು. ವಾಗ್ದಂಡನೆಯ ದಾರಿಯೂ ಇದೆ, ಆದರೆ ಬಹಳ ಇಕ್ಕಟ್ಟಾದ ದಾರಿ. ಪ್ರತಿನಿಧಿಗಳ ಸಭೆ ಸರಳ ಬಹುಮತದಿಂದ ದೋಷಾರೋಪ ಹೊರಿಸಬಹುದು. ಸೆನೆಟ್ ಮೂರನೇ ಎರಡರ ಬಹುಮತದಿಂದ ಒಪ್ಪಿದರೆ ಮಾತ್ರ ಪದಚ್ಯುತಿ. ಆಂಡ್ರ್ಯೂ ಜಾನ್ಸನ್, ಬಿಲ್ ಕ್ಲಿಂಟನ್, ಎರಡು ಸಲ ಡೊನಾಲ್ಡ್ ಟ್ರಂಪ್ ಆರೋಪ ಎದುರಿಸಿದರು. ಆ ನಾಲ್ಕು ಸಲವೂ ಸೆನೆಟ್‌ನಲ್ಲಿ ಆರೋಪ ನಿಲ್ಲಲಿಲ್ಲ. ರಿಚರ್ಡ್ ನಿಕ್ಸನ್ ಮಾತ್ರ 1974ರಲ್ಲಿ, ಮತದಾನಕ್ಕೆ ಮೊದಲೇ, ತಾವಾಗಿ ರಾಜೀನಾಮೆ ಕೊಟ್ಟರು. ಹಗರಣವೊಂದರ ತನಿಖೆಗಾಗಿ ತಮ್ಮ ಕಚೇರಿಯ ಧ್ವನಿಮುದ್ರಿಕೆಗಳನ್ನು ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆದೇಶಿಸಿದ ಮೇಲೆ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ.

ಖಜಾನೆಯ ಬೀಗದ ಕೈ ಕಾಂಗ್ರೆಸ್ ಬಳಿ. ಅದು ಹಣ ಮಂಜೂರು ಮಾಡದಿದ್ದರೆ ಸರ್ಕಾರದ ಕಚೇರಿಗಳೇ ಮುಚ್ಚುತ್ತವೆ. ಇದೇ ಆಗಾಗ ಸುದ್ದಿಯಾಗುವ 'ಶಟ್‌ಡೌನ್'. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಹೀಗೇ ಆಯಿತು. ವಿಮಾನ ಸಂಚಾರ ನಿಯಂತ್ರಕರು ಸಂಬಳವಿಲ್ಲದೆ ಕೆಲಸ ಮಾಡಿದರು. ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ, ಹೊಸದು ಬರುತ್ತದೆ. ಅಲ್ಲಿ ಸರ್ಕಾರ ಬೀಳುವುದಿಲ್ಲ, ನಿಂತುಹೋಗುತ್ತದೆ. ಪೆಟ್ಟು ತಿನ್ನುವವರು ಕೆಳಹಂತದ ನೌಕರರು.

ಇನ್ನು ಅಧ್ಯಕ್ಷರ ಕಾರ್ಯಾದೇಶ. ಕಾಂಗ್ರೆಸ್ ಮಾಡಿದ ಕಾನೂನನ್ನು ಜಾರಿಗೆ ತರುವ ಬಗೆಯನ್ನು ಅಧ್ಯಕ್ಷರು ಆದೇಶದ ಮೂಲಕ ಹೇಳಬಹುದು, ಹೊಸ ಕಾನೂನನ್ನೇ ಹುಟ್ಟಿಸಲಾರರು. ಗೆರೆ ಎಲ್ಲಿದೆ ಎಂಬುದೇ ಜಗಳ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಹೊರಬಿದ್ದಾಗ, ಅಂಥದೊಂದು ಶುಲ್ಕ ಹಾಕುವ ಅಧಿಕಾರ ಅಧ್ಯಕ್ಷರಿಗಿದೆಯೇ ಎಂದು ಕೇಳಿ ಕೆಲವೇ ವಾರಗಳಲ್ಲಿ ದಾವೆಗಳು ದಾಖಲಾದವು.

ಹೆಚ್ಚು ಮತ ಪಡೆದೂ ಸೋಲುವುದು

ಅಧ್ಯಕ್ಷರ ಚುನಾವಣೆ ನಮ್ಮವರಿಗೆ ಸದಾ ಗೊಂದಲ. ಮತದಾರರು ಒತ್ತುವ ಮತ ನೇರವಾಗಿ ಅಭ್ಯರ್ಥಿಗೆ ಹೋಗುವುದಿಲ್ಲ. ಪ್ರತಿ ರಾಜ್ಯಕ್ಕೂ ಅದರ ಪ್ರತಿನಿಧಿಗಳು ಮತ್ತು ಸೆನೆಟರ್‌ಗಳ ಸಂಖ್ಯೆಯಷ್ಟು 'ಎಲೆಕ್ಟರ್'ಗಳಿದ್ದಾರೆ. ರಾಜಧಾನಿ ವಾಷಿಂಗ್ಟನ್ನಿನ ಮೂವರನ್ನೂ ಸೇರಿಸಿ ಒಟ್ಟು 538. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಕಡೆ, ರಾಜ್ಯದಲ್ಲಿ ಒಂದು ಮತ ಹೆಚ್ಚು ಬಂದವರಿಗೂ ಅಲ್ಲಿಯ ಎಲ್ಲ ಎಲೆಕ್ಟರ್‌ಗಳು ಸಲ್ಲುತ್ತಾರೆ.

2000ದಲ್ಲಿ ಅಲ್ ಗೋರ್ ದೇಶದಾದ್ಯಂತ ಜಾರ್ಜ್ ಬುಷ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಫ್ಲಾರಿಡಾದಲ್ಲಿ ಮಾತ್ರ 537 ಮತಗಳಿಂದ ಹಿಂದುಳಿದರು. ಅಧ್ಯಕ್ಷರಾದದ್ದು ಬುಷ್. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದೂ ಸೋತರು. ಹೀಗಾಗಿಯೇ ಪ್ರಚಾರವೆಲ್ಲ ತೂಗುಯ್ಯಾಲೆಯಲ್ಲಿರುವ ಏಳೆಂಟು ರಾಜ್ಯಗಳ ಸುತ್ತ ಗಿರಕಿ ಹೊಡೆಯುತ್ತದೆ.

ಇನ್ನೊಂದು ಸಂಗತಿ ನಮ್ಮವರಿಗೆ ಅಚ್ಚರಿ ತರುತ್ತದೆ. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಮತದಾನ ನಡೆಸುವ ಒಂದು ಸಂಸ್ಥೆ ಅಲ್ಲಿಲ್ಲ. ರಾಜ್ಯಗಳು, ಅವುಗಳ ಕೆಳಗೆ ಕೌಂಟಿಗಳು ಚುನಾವಣೆ ನಡೆಸುತ್ತವೆ. ಒಂದು ಕಡೆ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ, ಇನ್ನೊಂದು ಕಡೆ ಫೋಟೊ ಗುರುತಿನ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ. ಮೇನ್, ವರ್ಮಾಂಟ್ ರಾಜ್ಯಗಳಲ್ಲಿ ಜೈಲಿನಲ್ಲಿರುವ ಕೈದಿಗೂ ಮತವಿದೆ.

ಐವತ್ತು ರಾಜ್ಯ, ಐವತ್ತು ದಾರಿ

ಅಲ್ಲಿ ನೆಲೆಸಿದವರ ದಿನನಿತ್ಯದ ಬದುಕಿಗೆ ವಾಷಿಂಗ್ಟನ್‌ಗಿಂತ ಹತ್ತಿರದ್ದು ಅವರವರ ರಾಜ್ಯ. ಮದುವೆ, ವಿಚ್ಛೇದನ, ಚಾಲನಾ ಪರವಾನಗಿ, ಕೊಲೆ ಕಳವಿನ ಕಾನೂನು, ಶಾಲೆ, ಎಲ್ಲವೂ ರಾಜ್ಯದ್ದು. ಒಂದು ರಾಜ್ಯದಲ್ಲಿ ಗಲ್ಲುಶಿಕ್ಷೆಯಿದ್ದರೆ ಪಕ್ಕದ್ದರಲ್ಲಿ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಸಂವಿಧಾನ, ಅದರದೇ ಸುಪ್ರೀಂ ಕೋರ್ಟ್. ಗವರ್ನರ್ ಎಂದರೆ ಕೇಂದ್ರ ಕಳಿಸಿದವರಲ್ಲ. ಜನ ಆರಿಸಿದ, ನಮ್ಮ ಮುಖ್ಯಮಂತ್ರಿಯ ಸ್ಥಾನದವರು.

ಅದಕ್ಕೂ ಕೆಳಗೆ ಕೌಂಟಿ, ನಗರ, ಶಾಲಾ ಮಂಡಳಿ. ಬಹಳಷ್ಟು ಕಡೆ ಶೆರಿಫ್, ನ್ಯಾಯಾಧೀಶ, ಶಾಲಾ ಮಂಡಳಿಯ ಸದಸ್ಯರು ಎಲ್ಲರೂ ಚುನಾಯಿತರೇ. ಶಾಲೆಯ ಖರ್ಚಿನ ದೊಡ್ಡ ಪಾಲು ಆ ಪ್ರದೇಶದ ಮನೆ ತೆರಿಗೆಯಿಂದ ಬರುತ್ತದೆ. ನಮ್ಮವರು ಅಲ್ಲಿ ಮನೆ ಕೊಳ್ಳುವಾಗ ಕೋಣೆಗಳಿಗಿಂತ ಮೊದಲು ಶಾಲಾ ವಲಯ ಯಾವುದೆಂದು ವಿಚಾರಿಸುವುದು ಇದಕ್ಕೇ. ಬಡವರ ಬಡಾವಣೆಯ ಮಗುವಿಗೆ ಬಡ ಶಾಲೆಯೇ ಸಿಗುವುದೂ ಇದರಿಂದಲೇ.

ಸಿಗದ ಹುದ್ದೆಯಿಂದ ಸಿಕ್ಕ ಅಧಿಕಾರ

ಅಧಿಕಾರದ ಮೂರನೆಯ ಪಾಲು ನ್ಯಾಯಾಂಗದ್ದು. ಸುಪ್ರೀಂ ಕೋರ್ಟಿನಲ್ಲಿ 1869ರಿಂದ ಒಂಬತ್ತು ನ್ಯಾಯಮೂರ್ತಿಗಳು. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ನಿವೃತ್ತಿಯ ವಯಸ್ಸಿಲ್ಲ; ಇಚ್ಛೆಯಿದ್ದರೆ ಸಾಯುವ ತನಕ ಇರಬಹುದು.

ಕಾಂಗ್ರೆಸ್ ಮಾಡಿದ ಕಾನೂನನ್ನು ರದ್ದು ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು ಸಂವಿಧಾನದ ಆ ನಾಲ್ಕು ಹಾಳೆಗಳಲ್ಲಿ ಎಲ್ಲೂ ಬರೆದಿಲ್ಲ. ಅದು ಬಂದದ್ದು ಒಂದು ಸಣ್ಣ ಹುದ್ದೆಯ ತಕರಾರಿನಿಂದ. 1801ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅಧಿಕಾರ ಬಿಡುವ ಕೊನೆಯ ದಿನಗಳಲ್ಲಿ ವಿಲಿಯಂ ಮಾರ್ಬರಿ ಎಂಬುವರನ್ನು ಕೆಳಹಂತದ ನ್ಯಾಯಾಧಿಕಾರಿಯಾಗಿ ನೇಮಿಸಿದರು. ನೇಮಕಪತ್ರಕ್ಕೆ ಸಹಿಯಾಯಿತು, ಮುದ್ರೆಯೂ ಬಿತ್ತು, ಕೈಗೆ ತಲುಪಲಿಲ್ಲ. ಹೊಸ ಅಧ್ಯಕ್ಷ ಥಾಮಸ್ ಜೆಫರ್ಸನ್ ಕಡೆಯವರು ಅದನ್ನು ತಡೆಹಿಡಿದರು. ಮಾರ್ಬರಿ ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್. ಹಿಂದಿನ ಸರ್ಕಾರದಲ್ಲಿ ಆ ಪತ್ರಗಳನ್ನು ತಲುಪಿಸುವ ಹೊಣೆ ಹೊತ್ತಿದ್ದ ಮಂತ್ರಿ ಅವರೇ!

1803ರಲ್ಲಿ ಮಾರ್ಷಲ್ ಕೊಟ್ಟ ತೀರ್ಪು ಜಾಣತನದ್ದು. ಹುದ್ದೆ ಮಾರ್ಬರಿಗೆ ಸಲ್ಲಬೇಕಾದ್ದೇ ಎಂದರು. ಆದರೆ ಈ ಅರ್ಜಿಯನ್ನು ನೇರವಾಗಿ ವಿಚಾರಿಸುವ ಅಧಿಕಾರವನ್ನು ನಮಗೆ ಕೊಟ್ಟ ಕಾನೂನೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅದು ಊರ್ಜಿತವಲ್ಲ ಎಂದರು. ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಕಾನೂನನ್ನು ಸಂವಿಧಾನದ ಒರೆಗೆ ಹಚ್ಚುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿತು. ಇಂದು ಅಧ್ಯಕ್ಷರ ಆದೇಶವನ್ನು ಯಾವುದೋ ಊರಿನ ಜಿಲ್ಲಾ ನ್ಯಾಯಾಧೀಶರು ತಡೆಹಿಡಿದರು ಎಂದು ಸುದ್ದಿ ಬಂದಾಗ, ಅದರ ಬೇರು ಇರುವುದು ಇಲ್ಲಿ.

ಪೆನ್ಸಿಲಿನಲ್ಲಿ ಬರೆದ ಅರ್ಜಿ

1791ರಲ್ಲಿ ಸಂವಿಧಾನಕ್ಕೆ ಹತ್ತು ತಿದ್ದುಪಡಿಗಳು ಸೇರಿದವು. ಇವನ್ನು ಹಕ್ಕುಗಳ ಮಸೂದೆ ಎನ್ನುತ್ತಾರೆ. ಮೊದಲನೆಯದು ಧರ್ಮ, ಮಾತು, ಪತ್ರಿಕೆ, ಸಭೆ ಸೇರುವುದು, ಸರ್ಕಾರಕ್ಕೆ ಅಹವಾಲು ಸಲ್ಲಿಸುವುದು, ಈ ಐದನ್ನು ಕಾಯುತ್ತದೆ. ಎರಡನೆಯದು ಬಂದೂಕಿನದು; ವರ್ಷವರ್ಷವೂ ಶಾಲೆಗಳಲ್ಲಿ ಮಕ್ಕಳು ಗುಂಡಿಗೆ ಬಲಿಯಾಗುತ್ತಿದ್ದರೂ ಆ ದೇಶ ಅದನ್ನು ಮುಟ್ಟಲಾರದೆ ಕುಳಿತಿದೆ. ನಾಲ್ಕನೆಯದರಂತೆ ಸಕಾರಣವಿಲ್ಲದೆ ಪೊಲೀಸರು ಮನೆ ಶೋಧಿಸುವಂತಿಲ್ಲ. ಐದನೆಯದರಂತೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ.

ಆರನೆಯದು ವಕೀಲರ ನೆರವಿನ ಹಕ್ಕು. ಅದು 1791ರಿಂದಲೂ ಕಾಗದದಲ್ಲಿತ್ತು. ರಾಜ್ಯಗಳ ನ್ಯಾಯಾಲಯಗಳಲ್ಲಿ ನಿಂತ ಬಡವನಿಗೆ ದಕ್ಕಿದ್ದು 172 ವರ್ಷಗಳ ನಂತರ.

1961ರಲ್ಲಿ ಫ್ಲಾರಿಡಾದ ಪನಾಮ ಸಿಟಿಯಲ್ಲಿ ಬಿಲಿಯರ್ಡ್ಸ್ ಆಡುವ ಒಂದು ಜಾಗಕ್ಕೆ ಕಳ್ಳರು ನುಗ್ಗಿದರು. ಸಿಗರೇಟು ಯಂತ್ರ ಒಡೆದು ಚಿಲ್ಲರೆ ಹಣ, ಒಂದಿಷ್ಟು ಬಿಯರು ಕದ್ದರು. ಪೊಲೀಸರು ಹಿಡಿದದ್ದು ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ, ವಯಸ್ಸು ಐವತ್ತು ದಾಟಿದ, ನೆಲೆಯಿಲ್ಲದ ಬಡವನನ್ನು. ನನಗೊಬ್ಬ ವಕೀಲರನ್ನು ಕೊಡಿ ಎಂದು ಆತ ನ್ಯಾಯಾಧೀಶರನ್ನು ಕೇಳಿದ. ಮರಣದಂಡನೆಯ ಪ್ರಕರಣಗಳಲ್ಲಿ ಮಾತ್ರ ಕೊಡಬಹುದು ಎಂಬ ಉತ್ತರ ಬಂತು. ಆತ ತನ್ನ ಪರವಾಗಿ ತಾನೇ ವಾದಿಸಿದ, ತನಗೆ ತೋಚಿದ ಹಾಗೆ ಸಾಕ್ಷಿಗಳನ್ನು ಪ್ರಶ್ನಿಸಿದ, ಸೋತ. ಐದು ವರ್ಷ ಜೈಲಾಯಿತು.

ಜೈಲಿನಲ್ಲಿ ಕುಳಿತು ಗಿಡಿಯನ್ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಗೆರೆ ಹಾಕಿದ ಜೈಲಿನ ಕಾಗದ, ಪೆನ್ಸಿಲಿನ ಬರಹ, ಅಲ್ಲಲ್ಲಿ ಕಾಗುಣಿತ ತಪ್ಪು. ಆತ ಓದಿದ್ದು ಎಂಟನೇ ತರಗತಿವರೆಗೆ. ದೇಶದ ಅತಿ ದೊಡ್ಡ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಂಡಿತು. ಆತನ ಪರ ವಾದಿಸಲು ಏಬ್ ಫೋರ್ಟಾಸ್ ಎಂಬ ಹೆಸರಾಂತ ವಕೀಲರನ್ನು ತಾನೇ ನೇಮಿಸಿತು. 1963ರ ಮಾರ್ಚಿನಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕು. ಮತ್ತೆ ವಿಚಾರಣೆ ನಡೆಯಿತು. ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಎದುರು ಸಾಕ್ಷಿಯ ಮಾತಿನ ಬಿರುಕುಗಳನ್ನು ಅವರು ಒಂದೊಂದಾಗಿ ತೆರೆದಿಟ್ಟರು. ಗಿಡಿಯನ್ ನಿರಪರಾಧಿ ಎಂದು ಜ್ಯೂರಿ ಹೇಳಿತು.

ಅಮೆರಿಕದ ಹಕ್ಕುಗಳ ಇತಿಹಾಸದಲ್ಲಿ ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಇಂಥವರೇ. 1965ರಲ್ಲಿ ಐಯೋವಾದ ಡಿಮೊಯ್ನ್ ನಗರದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದ 13 ವರ್ಷದ ಮೇರಿ ಬೆತ್ ಟಿಂಕರ್‌ಳನ್ನು ಮನೆಗೆ ಕಳಿಸಿದರು. ವಿದ್ಯಾರ್ಥಿಗಳ ಮಾತಿನ ಹಕ್ಕು ಶಾಲೆಯ ಬಾಗಿಲಲ್ಲೇ ಮುಗಿದುಹೋಗುವುದಿಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಮೊದಲು, ಎರಡನೇ ಮಹಾಯುದ್ಧ ಕಾವೇರಿದ್ದ 1943ರಲ್ಲಿ, ಧ್ವಜವಂದನೆ ಮಾಡಲು ಒಪ್ಪದ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದಿತ್ತು. ಮೂರೇ ವರ್ಷ ಹಿಂದೆ ಇದಕ್ಕೆ ವಿರುದ್ಧವಾಗಿ ತಾನೇ ಕೊಟ್ಟಿದ್ದ ತೀರ್ಪನ್ನು ತಾನೇ ಅಳಿಸಿ ಹಾಕಿತ್ತು. ಅದೇ ಪಂಥದ ಮೂವರು ಮಕ್ಕಳು ಕೇರಳದ ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತು ಹಾಡದೆ ಇದ್ದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಮಕ್ಕಳ ಪರವಾಗಿಯೇ ನಿಂತಿತು.

ಎಲ್ಲ ಕಥೆಗಳೂ ಹೀಗೆ ಗೆಲುವಿನಲ್ಲಿ ಮುಗಿಯುವುದಿಲ್ಲ. ಬಣ್ಣದ ಕಾರಣಕ್ಕೆ ಮತ ನಿರಾಕರಿಸಬಾರದೆಂದು 1870ರಲ್ಲೇ 15ನೇ ತಿದ್ದುಪಡಿ ಹೇಳಿತು. ದಕ್ಷಿಣದ ರಾಜ್ಯಗಳು ಓದುಬರಹದ ಪರೀಕ್ಷೆ, ಮತದ ತೆರಿಗೆ, ಬರಿಯ ಹೊಡೆತ ಬಡಿತಗಳಿಂದ ಕಪ್ಪುಜನರನ್ನು ಮತಗಟ್ಟೆಯಿಂದ ದೂರ ಇಟ್ಟವು. 1965ರ ಮಾರ್ಚಿನಲ್ಲಿ ಅಲಬಾಮದ ಸೆಲ್ಮಾ ಸೇತುವೆಯ ಮೇಲೆ ಶಾಂತವಾಗಿ ನಡೆದುಬಂದವರ ಮೇಲೆ ಪೊಲೀಸರು ಲಾಠಿ ಬೀಸಿ ಅಶ್ರುವಾಯು ಎರಚಿದ್ದನ್ನು ದೇಶ ಟೀವಿಯಲ್ಲಿ ಕಂಡಿತು. ಅದೇ ವರ್ಷ ಮತದಾನ ಹಕ್ಕು ಕಾಯ್ದೆ ಬಂತು. ಆ ಕಾಯ್ದೆಯ ಬಿಗಿಯನ್ನು 2013ರಲ್ಲಿ ಅದೇ ಸುಪ್ರೀಂ ಕೋರ್ಟ್ ಸಡಿಲಿಸಿತು. ಇದು ನೋವಿನ ಸಂಗತಿ. ಒಂದು ತಲೆಮಾರು ಗೆದ್ದದ್ದನ್ನು ಇನ್ನೊಂದು ತಲೆಮಾರು ಮತ್ತೆ ಗೆಲ್ಲಬೇಕಾಗುತ್ತದೆ.

ಮಂಗಳೂರಿನವರು ಕೇಳಿದ ಸಲಹೆ

ನಮ್ಮ ಸಂವಿಧಾನಕ್ಕೂ ಅಮೆರಿಕದ ಈ ಹಕ್ಕುಗಳಿಗೂ ನಂಟಿದೆ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಮಂಗಳೂರಿನಲ್ಲಿ ಓದಿದವರು. 1947ರ ಕೊನೆಗೆ ಅವರು ಅಮೆರಿಕಕ್ಕೆ ಹೋಗಿ ಅಲ್ಲಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜೀವ, ಸ್ವಾತಂತ್ರ್ಯಗಳನ್ನು ನ್ಯಾಯೋಚಿತ ಕ್ರಮವಿಲ್ಲದೆ ಕಸಿಯುವಂತಿಲ್ಲ ಎಂಬ ಅಮೆರಿಕದ ನಿಯಮ ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ, ಎಚ್ಚರ ಎಂದು ಫ್ರಾಂಕ್‌ಫರ್ಟರ್ ಹೇಳಿದರು. ನಮ್ಮ 21ನೇ ವಿಧಿಯಲ್ಲಿ ಅದರ ಬದಲು ಕಾನೂನು ವಿಧಿಸಿದ ಕ್ರಮ ಎಂಬ ಮಾತು ಬಂತು. ಆ ಕ್ರಮ ನ್ಯಾಯಯುತವೂ ಆಗಿರಬೇಕು ಎಂದು ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ್ದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ. ನಡುವೆ ತುರ್ತುಪರಿಸ್ಥಿತಿ ಬಂದು ಹೋಗಿತ್ತು.

ಪ್ರಜೆಗಳಲ್ಲದವರ ಪಾಡು

ಅಮೆರಿಕದಲ್ಲಿ ವೀಸಾದ ಮೇಲೆ ಇರುವವರಿಗೆ ಈ ಹಕ್ಕುಗಳು ಇವೆಯೇ? ಬಹುಪಾಲು ಇವೆ. ಇದನ್ನು ಗೆದ್ದುಕೊಟ್ಟವರು ಬಟ್ಟೆ ಒಗೆಯುವವರು.

1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ, ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಪರವಾನಗಿ ಬೇಕೆಂದು ನಿಯಮ ಮಾಡಿತು. ಬೆಂಕಿಯ ಭಯಕ್ಕೆ ಎಂಬುದು ಹೊರಗಿನ ಮಾತು. ಅರ್ಜಿ ಹಾಕಿದ ಸುಮಾರು 200 ಚೀನೀಯರಿಗೂ ಪರವಾನಗಿ ಸಿಗಲಿಲ್ಲ. ಬಿಳಿಯರಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. 'ಯಿಕ್ ವೊ' ಎಂಬ ಲಾಂಡ್ರಿಯ ಮಾಲೀಕ ಅದೇ ಕಟ್ಟಡದಲ್ಲಿ 22 ವರ್ಷ ಕೆಲಸ ಮಾಡಿದ್ದವರು. 10 ಡಾಲರ್ ದಂಡ ಕಟ್ಟಲೊಪ್ಪದೆ ಜೈಲಿಗೆ ಹೋದರು. ಕಾನೂನಿನ ಸಮಾನ ರಕ್ಷಣೆ ಆ ನೆಲದ ಮೇಲಿರುವ ಪ್ರತಿಯೊಬ್ಬರಿಗೂ ಸಲ್ಲುತ್ತದೆ, ಹೊರದೇಶದವರೂ ಅದರಲ್ಲಿ ಸೇರಿದ್ದಾರೆ ಎಂದು 1886ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು.

ಹನ್ನೆರಡು ವರ್ಷಗಳ ನಂತರ ಅದೇ ಊರಿನ ಇನ್ನೊಂದು ಪ್ರಕರಣ. ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಭಟ್ಟರು ಅಲ್ಲಿಯೇ ಹುಟ್ಟಿದವರು, ತಂದೆ ತಾಯಿ ಚೀನೀಯರು. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಪ್ರಜೆಯಲ್ಲ ಎಂದು ಹಡಗಿನಲ್ಲೇ ತಡೆದರು. ಅಮೆರಿಕದಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು ಎಂಬ 14ನೇ ತಿದ್ದುಪಡಿಯ ಮಾತು ಇವರಿಗೂ ಅನ್ವಯಿಸುತ್ತದೆ ಎಂದು 1898ರಲ್ಲಿ ತೀರ್ಪಾಯಿತು. ನಮ್ಮೂರ ಮೊಮ್ಮಕ್ಕಳು ಹುಟ್ಟಿನಿಂದಲೇ ಅಮೆರಿಕನ್ನರಾಗಿರುವುದು ಈ ಅಡುಗೆಭಟ್ಟರ ಹೋರಾಟದಿಂದ. ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಈ ಹಕ್ಕಿಲ್ಲ ಎಂದು 2025ರ ಜನವರಿ 20ರಂದು ಹೊರಟ ಅಧ್ಯಕ್ಷರ ಆದೇಶವನ್ನು ಫೆಡರಲ್ ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರು ತಡೆದರು. ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಭಾರತೀಯರ ಮುಖಕ್ಕೆ ಇದೇ ನ್ಯಾಯಾಲಯ ಬಾಗಿಲು ಹಾಕಿದ್ದೂ ಉಂಟು. ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರ ಪೌರತ್ವವನ್ನು, ನೀವು ಬಿಳಿಯರಲ್ಲ ಎಂಬ ಕಾರಣಕ್ಕೆ 1923ರಲ್ಲಿ ಅದು ನಿರಾಕರಿಸಿತು. ಆಮೇಲೆ ಎಷ್ಟೋ ಭಾರತೀಯರಿಂದ ಕೊಟ್ಟ ಪೌರತ್ವವನ್ನೂ ಕಿತ್ತುಕೊಂಡರು. 1946ರಲ್ಲಿ ಕಾನೂನು ಬದಲಾಗಿ ವರ್ಷಕ್ಕೆ 100 ಭಾರತೀಯರಿಗೆ ಬಾಗಿಲು ತೆರೆಯಿತು. ಭಾರತದಿಂದ ಹೋದ ದಲೀಪ್ ಸಿಂಗ್ ಸೌಂಡ್ 1957ರಲ್ಲಿ ಕಾಂಗ್ರೆಸ್ ಪ್ರವೇಶಿಸಿದರು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್ನಿನಿಂದ ಗೆದ್ದು ಅದೇ ಸಭೆಯಲ್ಲಿ ಕುಳಿತರು.

ಪ್ರಜೆಗಳಲ್ಲದವರಿಗೆ ಸಿಗದಿರುವುದೂ ಇದೆ. ಗ್ರೀನ್ ಕಾರ್ಡ್ ಇದ್ದರೂ ಅಧ್ಯಕ್ಷರ, ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಮತವಿಲ್ಲ, ತೆರಿಗೆ ಮಾತ್ರ ಕಟ್ಟಬೇಕು. ವಿಮಾನ ನಿಲ್ದಾಣದ ಗಡಿಯಲ್ಲಿ, ಪ್ರಜೆಗಳದ್ದೂ ಸೇರಿ, ವಾರಂಟ್ ಇಲ್ಲದೆ ಸಾಮಾನು, ಫೋನು ತಪಾಸಣೆ ಮಾಡಬಹುದು. ಗಡೀಪಾರಿನ ವಿಚಾರಣೆಯನ್ನು ಸಿವಿಲ್ ಪ್ರಕರಣವೆಂದು ಎಣಿಸುವುದರಿಂದ ಗಿಡಿಯನ್‌ಗೆ ಸಿಕ್ಕಂತೆ ಸರ್ಕಾರಿ ಖರ್ಚಿನ ವಕೀಲರು ಅಲ್ಲಿ ಸಿಗುವುದಿಲ್ಲ. ಇಂದಿಗೂ ಅಲ್ಲಿ ಮಕ್ಕಳು ಕೂಡ ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ನಿಲ್ಲುವುದುಂಟು. ಇದು ಆ ವ್ಯವಸ್ಥೆಯ ದೊಡ್ಡ ಅನ್ಯಾಯ.

ಪ್ರಮಾಣವಚನದ ನಂತರ

ಪೌರತ್ವ ಬಂದ ಮೇಲೆ ಒಂದು ದಿನ ಅಂಚೆಯಲ್ಲಿ ನ್ಯಾಯಾಲಯದ ಸಮನ್ಸ್ ಬರಬಹುದು. ನಮ್ಮವರು ಮೊದಲು ಗಾಬರಿಯಾಗುತ್ತಾರೆ. ಅದು ಜ್ಯೂರಿಯಾಗಿ ಕೂರಲು ಬರುವ ಕರೆ. ಗಂಭೀರ ಅಪರಾಧಗಳಲ್ಲಿ ತಪ್ಪಿತಸ್ಥರು ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಸಾಮಾನ್ಯ ಜನ, ಹೆಚ್ಚಾಗಿ 12 ಮಂದಿ. ಎಲ್ಲರೂ ಒಂದೇ ಮಾತು ಹೇಳಬೇಕು. ಭಾರತದಲ್ಲಿ ಜ್ಯೂರಿ ಪದ್ಧತಿ ಅರ್ಧ ಶತಮಾನದ ಹಿಂದೆಯೇ ಹೋಯಿತು. ಅಲ್ಲಿ ಲಾರಿ ಚಾಲಕರೂ ಎಂಜಿನಿಯರೂ ಒಂದೇ ಕೋಣೆಯಲ್ಲಿ ಕೂತು ಇನ್ನೊಬ್ಬರ ಬಾಳಿನ ಬಗ್ಗೆ ತೀರ್ಮಾನ ಹೇಳುತ್ತಾರೆ. ಕೆಲಸವಿದೆ ಎಂದು ತಪ್ಪಿಸಿಕೊಳ್ಳಬಾರದ ಹೊಣೆ ಇದು.

ಮತದ ಹಕ್ಕು ತಾನಾಗಿ ಬರುವುದಿಲ್ಲ. ಹಲವು ರಾಜ್ಯಗಳಲ್ಲಿ ಮತದಾರರು ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ಕೊನೆಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮನೆ ಬದಲಿಸಿದರೆ ವಿಳಾಸವನ್ನೂ ಬದಲಿಸಬೇಕು. ಅಧ್ಯಕ್ಷರ ಚುನಾವಣೆಗೆ ಎಲ್ಲರೂ ಉತ್ಸಾಹ ತೋರಿಸುತ್ತಾರೆ. ಶಾಲಾ ಮಂಡಳಿ, ಕೌಂಟಿ, ರಾಜ್ಯ ಶಾಸನಸಭೆಯ ಚುನಾವಣೆಗಳಲ್ಲಿ ಮತಗಟ್ಟೆಗಳು ಖಾಲಿ ಹೊಡೆಯುತ್ತವೆ, ಬೆರಳೆಣಿಕೆಯ ಮತಗಳಿಂದ ಸೋಲು ಗೆಲುವು ನಿರ್ಧಾರವಾಗುವುದೂ ಅಲ್ಲಿಯೇ.

ನಿಮ್ಮ ಮನೆಯವರು ಯಾರಾದರೂ ಅಲ್ಲಿ ಪ್ರಮಾಣವಚನ ಸ್ವೀಕರಿಸಿದ್ದರೆ, ಈ ಭಾನುವಾರ ಫೋನಿನಲ್ಲಿ ಮೊಮ್ಮಕ್ಕಳ ಮುಖ ನೋಡಿದ ಮೇಲೆ ಒಂದು ಮಾತು ಕೇಳಿ: ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ? ಇಲ್ಲವೆಂದರೆ ಈ ವಾರವೇ ಸೇರಿಸಿಕೊಳ್ಳಲು ಹೇಳಿ.